ಬ್ರೈಲ್ ಯಂತ್ರದ ದುಭಾಷಿ

ಬೆಂಕಿಪೊಟ್ಟಣದಷ್ಟು ಚಿಕ್ಕ ಪೆಟ್ಟಿಗೆಯೊಂದನ್ನು ಡಾ. ರೆಹಾನಾ ನದಾಫ್ ಗಣಕಕ್ಕೂ ಹಳೆಯ ತೂಕದ ಯಂತ್ರಕ್ಕೂ ನಡುವೆ ಸಿಕ್ಕಿಸಿದರು. ಗುಬ್ಬಿ ಕಾಳು ಕುಕ್ಕಿದಂಥ ಸದ್ದು ಶಾಕಾಂಬರಿಗೆ ಕೇಳಿಸಿತು. ನಾಲ್ಕು ನಿಮಿಷ ಕಳೆದ ಮೇಲೆ ಗಣಕ ತಾನಾಗಿ ಹೇಳಿತು: "ಎರಡು ಕಿಲೋ ಮುನ್ನೂರು ಗ್ರಾಂ."

ಶಾಕಾಂಬರಿ ತಕ್ಕಡಿಯ ಮೇಲಿದ್ದ ಕಾಗದದ ಕಟ್ಟನ್ನು ಎತ್ತಿ ನೋಡಿ ನಕ್ಕಳು. "ಖರೇ ಹೇಳ್ತದ್ರೀ."

ಅದು 2058ರ ಏಪ್ರಿಲ್, ಗದಗಿನ ಬ್ರೈಲ್ ಮುದ್ರಣಾಲಯ. ಶಾಕಾಂಬರಿ ಹಾದಿಮನಿ ಅಲ್ಲಿ ಇಪ್ಪತ್ತಾರು ವರ್ಷಗಳಿಂದ ಕರಡು ತಿದ್ದುತ್ತಿದ್ದಳು. ಹುಟ್ಟಿನಿಂದ ಕಣ್ಣು ಕಾಣದ ಆಕೆಗೆ ಒಂದು ಚುಕ್ಕಿ ತಪ್ಪಿದರೂ ಬೆರಳು ತಡೆದು ನಿಲ್ಲುತ್ತಿತ್ತು. ರೆಹಾನಾ ಧಾರವಾಡದ ಪ್ರಯೋಗಾಲಯವೊಂದರ ವಿಜ್ಞಾನಿ. ತಮ್ಮ ಪೆಟ್ಟಿಗೆಗೆ ಅವರು ಇಟ್ಟಿದ್ದ ಹೆಸರು 'ದುಭಾಷಿ'.

ಪ್ರತಿ ಯಂತ್ರಕ್ಕೂ ತನ್ನದೇ ಸಂಕೇತಗಳ ಭಾಷೆಯಿರುತ್ತದೆ. ಅದನ್ನು ಗಣಕಕ್ಕೆ ತಿಳಿಸಿಕೊಡುವ ಚಿಕ್ಕ ತಂತ್ರಾಂಶವೇ ಡ್ರೈವರ್. ಎಷ್ಟೋ ಕಂಪನಿಗಳು ಅದನ್ನು ಗುಟ್ಟಾಗಿಟ್ಟು, ಕೆಲವು ವರ್ಷಗಳ ನಂತರ ಕೈಬಿಡುತ್ತಿದ್ದವು. ಗಟ್ಟಿಮುಟ್ಟಾದ ಯಂತ್ರವೂ ಆಗ ಮೂಕವಾಗಿ ಮೂಲೆ ಸೇರುತ್ತಿತ್ತು. ದುಭಾಷಿ ಅಂಥ ಯಂತ್ರಕ್ಕೆ ಮೆಲ್ಲಗೆ ಸಂಕೇತ ಕಳಿಸಿ, ಬಂದ ಉತ್ತರದಿಂದ ಭಾಷೆಯನ್ನು ಊಹಿಸಿ, ಡ್ರೈವರನ್ನು ತಾನೇ ಬರೆಯುತ್ತಿತ್ತು. ಬರೆಯುತ್ತಿದ್ದದ್ದು ಗಣಕಗಳನ್ನು ನಡೆಸುವ ಲಿನಕ್ಸ್ ವಂಶದ ಮುಕ್ತ ವ್ಯವಸ್ಥೆಗೆ. ಅದರ ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು.

"ಈಗ ದೊಡ್ಡದನ್ನ ನೋಡೋಣ ಬರ್ರಿ, ಅಕ್ಕಾರ," ಎಂದರು ರೆಹಾನಾ.

ದೊಡ್ಡದೆಂದರೆ ಕಾಗದದ ಮೇಲೆ ಚುಕ್ಕಿ ಮೂಡಿಸುವ ಯಂತ್ರ. ಅದರೊಳಗಿನ ನಲವತ್ತೆಂಟು ಸುತ್ತಿಗೆಗಳಲ್ಲಿ ಒಂದೂ ಸವೆದಿರಲಿಲ್ಲ. ಸತ್ತದ್ದು ಅದನ್ನು ನಡೆಸುತ್ತಿದ್ದ ಹಳೆಯ ಗಣಕ. ತಯಾರಿಸಿದ ಕಂಪನಿ ಎಂದೋ ಮುಚ್ಚಿತ್ತು; ಹೊಸ ಗಣಕಗಳು ಯಂತ್ರದ ಗುರುತೇ ಹಿಡಿಯುತ್ತಿರಲಿಲ್ಲ. ಆಡಳಿತ ಮಂಡಳಿ ಅದನ್ನು ಗುಜರಿಗೆ ಹಾಕಲು ತೀರ್ಮಾನಿಸಿತ್ತು. ಜೂನ್‌ನಲ್ಲಿ ಹತ್ತನೇ ತರಗತಿಗೆ ಬರುವ ಮೂವತ್ತೆಂಟು ಅಂಧ ಮಕ್ಕಳಿಗೆ ಗಣಿತದ ಪುಸ್ತಕವಿರಲಿಲ್ಲ.

"ಓದಿ ಹೇಳೋ ಪುಸ್ತಕ ಅದಾವಲ್ರೀ ಅಂತಾರ ಎಲ್ಲಾರೂ," ಎಂದಳು ಶಾಕಾಂಬರಿ. "ಕತಿ ಕೇಳಬಹುದು ಮೇಡಂ. ತ್ರಿಕೋನ ಹೆಂಗ ಕೇಳೂದು?"

ದುಭಾಷಿಯನ್ನು ಸಿಕ್ಕಿಸಿದ ಎರಡು ತಾಸಿನ ನಂತರ ಯಂತ್ರ ಕೆಮ್ಮಿದಂತೆ ಮಾಡಿ ಎಚ್ಚರಗೊಂಡಿತು. ಒಂದು ಪುಟ ಬಂತು, ಇನ್ನೊಂದು ಬಂತು. ಶಾಕಾಂಬರಿ ಬೆರಳಾಡಿಸಿದಳು. ಅಕ್ಷರಗಳು ಸರಿಯಾಗಿದ್ದವು! ಮೂರನೆಯ ಪುಟಕ್ಕೆ ಕೈಚಾಚಿದಾಗ ಮೂಗಿಗೆ ಸುಟ್ಟ ವಾಸನೆ ಬಡಿಯಿತು.

"ನಿಲ್ಲಸ್ರೀ! ಬಂದ್ ಮಾಡ್ರೀ!"

ರೆಹಾನಾ ತಟ್ಟನೆ ಸ್ವಿಚ್ ಆರಿಸಿದರು. ಸುತ್ತಿಗೆಗಳನ್ನು ಎತ್ತಿ ಬಡಿಯುವ ತಂತಿಸುರುಳಿ ಕೆಂಡದಂತೆ ಕಾದಿತ್ತು, ಸುಟ್ಟುಹೋಗಿರಲಿಲ್ಲ ಅಷ್ಟೇ. ಅದನ್ನು ತಣಿಸಲು ಕಂಪನಿ ಏನೋ ಗುಟ್ಟಿನ ಸಂಕೇತ ಬಳಸಿರಬೇಕು. ಅದನ್ನು ಹುಡುಕಬೇಕಾದರೆ ಹಲವು ಸಲ ತಪ್ಪಬೇಕು, ಈ ಸುರುಳಿ ಇನ್ನೊಂದು ತಪ್ಪನ್ನು ತಾಳುವಂತಿರಲಿಲ್ಲ. ಬದಲಿ ಭಾಗ ಎಲ್ಲೂ ಸಿಗುತ್ತಿರಲಿಲ್ಲ.

"ನನ್ನ ಕಡೆ ಆಗಂಗಿಲ್ಲ ಅಕ್ಕಾರ," ಎಂದರು ರೆಹಾನಾ. ದನಿ ಕುಗ್ಗಿತ್ತು. "ಅಂದಾಜಿನ ಮ್ಯಾಲೆ ಇದನ್ನ ಕೊಲ್ಲಾಕ ನನಗ ಮನಸಿಲ್ಲ."

ಶಾಕಾಂಬರಿ ಯಂತ್ರದ ಪಕ್ಕದಲ್ಲಿ ಕುಳಿತು ಅದರ ಮೈ ಸವರಿದಳು. ತಳದಲ್ಲಿ, ಬಣ್ಣ ಬಳಿದು ಮುಚ್ಚಿಹೋಗಿದ್ದ ಒಂದು ತಗಡಿನ ಮೇಲೆ ಉಬ್ಬು ಅಂಕಿಗಳು ಬೆರಳಿಗೆ ತಾಗಿದವು.

"ಇಲ್ಲೇನೋ ನಂಬರ್ ಐತ್ರೀ. ಬರಕೋರಿ."

ಕಣ್ಣಿಗೆ ಕಾಣದಿದ್ದ ಆ ಒಂಬತ್ತು ಅಂಕಿಗಳನ್ನು ಹಿಡಿದು ರೆಹಾನಾ ಅಂತರ್ಜಾಲದ ಹಳೆಯ ಕಡತಗಳನ್ನೆಲ್ಲ ಜಾಲಾಡಿದರು. ಸಿಕ್ಕಿದ್ದು ಒಂದೇ ಒಂದು ಟಿಪ್ಪಣಿ; ಮುಕ್ತ ತಂತ್ರಾಂಶದ ಬಳಗವೊಂದರಲ್ಲಿ 2027ರಲ್ಲಿ ಬರೆದದ್ದು. ಗಣಕ ಅದನ್ನು ಕನ್ನಡದಲ್ಲಿ ಓದಿತು:

"ಈ ಯಂತ್ರವನ್ನು ಲಿನಕ್ಸ್‌ನಲ್ಲಿ ನಡೆಸಲು ಹೋಗಿ ಒಂದು ಸುರುಳಿ ಸುಟ್ಟುಕೊಂಡೆ. ಪ್ರತಿ ಸಾಲಿನ ಕೊನೆಗೆ ಕೆಳಗಿನ ಸಂಕೇತ ಕಳಿಸಿ; ಸುತ್ತಿಗೆಗಳಿಗೆ ವಿಶ್ರಾಂತಿ ಸಿಗುತ್ತದೆ. ಯಾರಿಗಾದರೂ ಬೇಕಾದೀತೆಂದು ಬರೆದಿಟ್ಟಿದ್ದೇನೆ."

ಬರೆದವರ ಹೆಸರಿನ ಜಾಗದಲ್ಲಿ ಎರಡು ಅಕ್ಷರ ಮಾತ್ರ: ಟಿ. ಎಂ. ಕೆಳಗೆ ಉತ್ತರಗಳ ಸಂಖ್ಯೆ ಸೊನ್ನೆ. ಮೂವತ್ತೊಂದು ವರ್ಷಗಳಲ್ಲಿ ಒಬ್ಬರೂ "ಉಪಕಾರವಾಯಿತು" ಎಂದಿರಲಿಲ್ಲ.

ಆ ಸಂಕೇತ ಸೇರಿಸಿದ ಮೇಲೆ ಯಂತ್ರ ಬಿಸಿಯೇರಲಿಲ್ಲ. ಮುಂದಿನ ಐದು ದಿನ ಶಾಕಾಂಬರಿ ಪುಟದ ಮೇಲೆ ಬೆರಳಿಟ್ಟು "ಇದು ಹಗುರಾತು", "ಇದು ಕಾಗದ ಹರಿತದ" ಎಂದು ಹೇಳುತ್ತಾ ಹೋದಳು. ಎಷ್ಟು ಬಲ ಹಾಕಬೇಕೆಂದು ದುಭಾಷಿ ಅವಳಿಂದ ಕಲಿಯಿತು. ಆರನೆಯ ದಿನ ಗಣಿತದ ಮೊದಲ ಪುಸ್ತಕ ಹೊರಬಂತು. ಲಂಬಕೋನ ತ್ರಿಭುಜದ ಮೂರೂ ಬಾಹುಗಳ ಗುಂಟ ಆಕೆಯ ಬೆರಳು ನಿಧಾನವಾಗಿ ನಡೆದು, ಹೊರಟ ಮೂಲೆಗೇ ಬಂದು ನಿಂತಿತು. ಗುಜರಿಯವನಿಗೆ ಬರಬೇಡವೆಂದು ಆ ಮಧ್ಯಾಹ್ನವೇ ಆಡಳಿತ ಮಂಡಳಿಯವರು ಹೇಳಿಕಳಿಸಿದರು.

"ನಿಮ್ಮ ಉಪಕಾರ ಹೆಂಗ ತೀರಿಸಲಿ ಮೇಡಂ?"

"ನಂದೇನೈತ್ರೀ ಅಕ್ಕಾರ? ದುಭಾಷಿ ನಾ ಮಾಡೀನಿ ಅಂತ ಮಂದಿ ಅಂತಾರ. ಅದಕ್ಕ ಮಾತು ಕಲಿಸಿದವರು ಈ ಟಿ. ಎಂ. ಅವರಂಥ ಸಾವಿರ ಮಂದಿ. ಪ್ರಿಂಟರು, ಕ್ಯಾಮೆರಾ, ಒಂದೊಂದನ್ನೂ ಒದ್ದಾಡಿ ನಡೆಸಿ ಬರದಿಟ್ಟಿದ್ರು. ಅದನ್ನೆಲ್ಲಾ ನಾ ಇದಕ್ಕ ಓದಿಸೀನಿ, ಅಷ್ಟ."

ಟಿಪ್ಪಣಿಯಲ್ಲಿದ್ದ ಇ-ಮೇಲ್ ವಿಳಾಸಕ್ಕೆ ಶಾಕಾಂಬರಿ ಟಿ. ಎಂ. ಅವರಿಗೊಂದು ಪತ್ರ ಕಳಿಸಿದಳು. ವಿಳಾಸ ಈಗಿಲ್ಲವೆಂದು ಅದು ಮರಳಿ ಬಂತು. ಅವರು ಬದುಕಿದ್ದಾರೋ ಇಲ್ಲವೋ, ಗಂಡೋ ಹೆಣ್ಣೋ, ಯಾವ ಊರಿನವರೋ, ಒಂದೂ ತಿಳಿಯಲಿಲ್ಲ. ಅವರು ಅಂದು ಯಂತ್ರದ ಮುಂದೆ ಕುಳಿತಿದ್ದ ಬಗೆ ಮಾತ್ರ ಆಕೆಯ ಮನಸ್ಸಿಗೆ ಬರುತ್ತಿತ್ತು. ಸುರುಳಿ ಸುಟ್ಟುಕೊಂಡು, ಬೈದುಕೊಂಡು, ಕೊನೆಗೂ ಯಂತ್ರ ನಡೆದಾಗ ಎದ್ದು ಊಟಕ್ಕೆ ಹೋಗಬಹುದಿತ್ತು. ತಮ್ಮ ಕೆಲಸವಂತೂ ಮುಗಿದಿತ್ತು. ಆದರೂ ಇನ್ನು ಹತ್ತು ನಿಮಿಷ ಕುಳಿತು ನಾಲ್ಕು ಸಾಲು ಬರೆದರು. ಗದಗಿನ ಈ ಮೂವತ್ತೆಂಟು ಮಕ್ಕಳು ಹುಟ್ಟುವುದಕ್ಕೆ ಆಗಿನ್ನೂ ಬಹಳ ವರ್ಷಗಳಿದ್ದವು.

ಶಾಕಾಂಬರಿ ಗಣಕದ ಮುಂದೆ ಕುಳಿತು ಆ ಟಿಪ್ಪಣಿಯ ಕೆಳಗೆ ಮೊದಲ ಉತ್ತರ ಬರೆಯತೊಡಗಿದಳು. ಕಾಗದ ಎಷ್ಟು ದಪ್ಪವಿರಬೇಕು, ಚುಕ್ಕಿ ಎಷ್ಟು ಎತ್ತರ ಬಂದರೆ ಮಕ್ಕಳ ಬೆರಳಿಗೆ ಹಿತ ಎಂಬುದನ್ನೆಲ್ಲ ಕನ್ನಡದಲ್ಲಿ, ಮುಂದೆ ಯಾರು ಓದುತ್ತಾರೆಂದು ತಿಳಿಯದೆ.