ಅಮ್ಮನ ಬೆನ್ನಿನ ಕಿಟಕಿ

"ಸ್ಲೈಡಿಂಗೇ ಬೇಕು! ನೀಲಿ ಗಾಜಿನದ್ದೇ ಬೇಕು!"

ಮೋಕ್ಷಿತಾ ನೆಲಕ್ಕೆ ಕಾಲು ಅಪ್ಪಳಿಸಿದಳು. ಅಳತೆ ಟೇಪು ಹಿಡಿದು ನಿಂತಿದ್ದ ಶಮೀರಣ್ಣ ನಕ್ಕುಬಿಟ್ಟ. ತೋಡಾರಿನಲ್ಲಿ ಯಾರ ಮನೆಗೆ ಹೊಸ ಕಿಟಕಿ ಹಾಕುವುದಾದರೂ ಅವನೇ ಬರುತ್ತಾನೆ.

"ಎಂತ ಭೋಜಣ್ಣ, ಮಗಳ ಆರ್ಡರ್ ಜೋರುಂಟಲ್ಲ!"

"ಅವಳ ಫ್ರೆಂಡ್ ರಿಫಾನ ಮನೆಯಲ್ಲಿ ನೋಡಿ ಬಂದಿದ್ದಾಳೆ ಮಾರಾಯ. ಅವತ್ತಿನಿಂದ ಇದೇ ಹಾಡು," ಎಂದರು ಪಪ್ಪ.

ಹಾಡದೆ ಇರುವುದಾದರೂ ಹೇಗೆ? ರಿಫಾನ ಮನೆಯ ಕಿಟಕಿಯನ್ನು ಒಂದು ಬೆರಳಿನಿಂದ ತಳ್ಳಿದರೆ ಸಾಕು, ಸುಂಯ್ ಎಂದು ಸರಿಯುತ್ತದೆ. ಮೋಕ್ಷಿತಾಳ ಮನೆಯಲ್ಲಿರುವುದು ಅಜ್ಜನ ಕಾಲದ ಮರದ ಕಿಟಕಿ. ಮೇಲೆ ಎರಡು ಬಾಗಿಲು, ಕೆಳಗೆ ಎರಡು ಬಾಗಿಲು. ಕೆಳಗಿನವು ನೆಲದಿಂದ ಒಂದು ಗೇಣು ಎತ್ತರದಲ್ಲೇ ಶುರುವಾಗುತ್ತವೆ. ಗೆದ್ದಲು ಅವುಗಳನ್ನು ಹೊಟ್ಟೆ ತುಂಬ ತಿಂದು ಮುಗಿಸಿತ್ತು. ಶಮೀರಣ್ಣ ಅಳತೆ ಮಾಡಲು ಮುಟ್ಟಿದ್ದೇ ತಡ, ಒಂದು ಬಾಗಿಲು ಅವನ ಕೈಗೇ ಬಂತು.

"ಒಂದು ಕೆಲಸ ಮಾಡುವ," ಎಂದ ಶಮೀರಣ್ಣ. "ರೆಡಿಮೇಡ್ ಸ್ಲೈಡಿಂಗ್ ಇಷ್ಟು ಉದ್ದದ್ದು ಸಿಗುವುದಿಲ್ಲ. ಕೆಳಗಿನ ಅರ್ಧಕ್ಕೆ ಕೆಂಪು ಕಲ್ಲು ಕಟ್ಟಿ ಮುಚ್ಚುವ. ಮೇಲಿನ ಅರ್ಧಕ್ಕೆ ಸ್ಲೈಡಿಂಗ್ ಕೂರಿಸುವ. ನೋಡ್ಲಿಕ್ಕೂ ಚಂದ."

"ನೀನೆಂತ ಹೇಳ್ತಿ ಸರಸ?" ಪಪ್ಪ ಅಮ್ಮನನ್ನು ಕೇಳಿದರು.

ಅಮ್ಮ ದಿನಾ ಕೂರುವುದು ಆ ಕಿಟಕಿಗೆ ಬೆನ್ನು ಮಾಡಿಯೇ. ಈಗ ಸ್ವಲ್ಪ ಬದಿಗೆ ಸರಿದು ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ಮೊರದಂಥ ಗೆರಸೆ, ಗೆರಸೆಯ ತುಂಬ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಹುಡಿ. ಬೆರಳು ನಿಲ್ಲಿಸದೆ ಮಗಳ ಮುಖ ನೋಡಿದಳು.

"ಅವಳಿಗೆ ಖುಷಿಯಾದ್ದೇ ಆಗಲಿ," ಎಂದಳು.

ಮೋಕ್ಷಿತಾಳ ಕಾಲು ಆ ಸಂಜೆ ನೆಲದ ಮೇಲೆ ನಿಲ್ಲಲಿಲ್ಲ.

ಹೊಸ ಕಿಟಕಿ ಬರುವವರೆಗೆ ಹಾವುಗೀವು ಒಳಗೆ ಬರದಿರಲಿ ಎಂದು ಪಪ್ಪ ಕೆಳಗಿನ ಅರ್ಧಕ್ಕೆ ಹಳೆಯ ಫ್ಲೆಕ್ಸ್ ಒಂದನ್ನು ಇಟ್ಟು ಮೊಳೆ ಹೊಡೆದರು. ಯಾವುದೋ ಕಬಡ್ಡಿ ಪಂದ್ಯಾಟದ ಫ್ಲೆಕ್ಸ್ ಅದು. ಮೀಸೆಯ ಆಟಗಾರನೊಬ್ಬ ತೊಡೆ ತಟ್ಟಿಕೊಂಡು ಮನೆಯೊಳಗೆ ನೋಡುತ್ತಿದ್ದ.

ಮರುದಿನದಿಂದ ಅಮ್ಮನಿಗೆ ಕೂರಲು ಜಾಗವೇ ಸಿಗಲಿಲ್ಲ. ಜಗಲಿಯಲ್ಲಿ ಕುಳಿತರೆ ಬಿಸಿಲು ಮುಖಕ್ಕೇ ಬಂತು, ಎಲೆ ಒಣಗಿ ಪಟಪಟನೆ ಮುರಿಯಿತು. ಅಡುಗೆಮನೆಯಲ್ಲಿ ಬೆಳಕು ಸಾಲಲಿಲ್ಲ. ಕೊನೆಗೆ ಹಳೆಯ ಜಾಗಕ್ಕೇ ಬಂದು ಕುಳಿತಳು. ಮೇ ತಿಂಗಳ ಸೆಕೆಗೆ ಅವಳ ರವಿಕೆಯ ಬೆನ್ನು ಒದ್ದೆಯಾಗಿ ಅಂಟಿಕೊಂಡಿತ್ತು. ಮೋಕ್ಷಿತಾ ಅದನ್ನು ನೋಡಿದಳು. ಆದರೆ ಅವಳ ತಲೆಯಲ್ಲಿ ಇನ್ನೂ ನೀಲಿ ಗಾಜೇ ಓಡಾಡುತ್ತಿತ್ತು.

ಒಂದು ಮಧ್ಯಾಹ್ನ ಅಮ್ಮ ಕಟ್ಟಿದ ಬೀಡಿಗಳನ್ನು ಕೊಡಲು ಬೀಡಿ ಕಂಪೆನಿಯ ಬ್ರಾಂಚಿಗೆ ಹೋದಳು. ಗೆರಸೆಗೆ ಪೇಪರ್ ಮುಚ್ಚಿಟ್ಟು, "ಫ್ಯಾನ್ ಹಾಕ್ಬೇಡ ಆಯ್ತಾ?" ಎಂದು ಹೇಳಿಯೇ ಹೋದಳು.

ಮೋಕ್ಷಿತಾ ಅಮ್ಮನ ಜಾಗದಲ್ಲಿ ಕುಳಿತು ಚಿತ್ರ ಬಿಡಿಸತೊಡಗಿದಳು. ಅಬ್ಬಾ, ಎಂಥ ಸೆಕೆ! ಬೆವರು ಮೂಗಿನ ತುದಿಯಿಂದ ಚಿತ್ರದ ಮೇಲೆ ಬಿತ್ತು. ಅವಳು ಗೆರಸೆಯನ್ನು ನೋಡಿದಳು, ಫ್ಯಾನನ್ನು ನೋಡಿದಳು. ಪೇಪರ್ ಉಂಟಲ್ಲ, ಒಂದು ನಿಮಿಷಕ್ಕೆ ಏನಾಗುತ್ತದೆ?

ಸ್ವಿಚ್ ಒತ್ತಿದಳು.

ಪೇಪರ್ ಮೊದಲು ಎದ್ದಿತು. ಅದರ ಹಿಂದೆಯೇ ಹೊಗೆಸೊಪ್ಪಿನ ಹುಡಿ ಎದ್ದು ಕೋಣೆ ತುಂಬ ಹಾರಾಡಿತು. "ಆಕ್ಷೀ! ಆಕ್ಷೀ!" ಸೀನುತ್ತಲೇ ಫ್ಯಾನ್ ಆಫ್ ಮಾಡಿದಳು. ಕಣ್ಣೀರು ಒರೆಸುತ್ತ, ಮೊಣಕಾಲೂರಿ, ಹುಡಿಯನ್ನು ಚಿಟಿಕೆ ಚಿಟಿಕೆಯಾಗಿ ಗೆರಸೆಗೆ ತುಂಬಿದಳು. ಅಮ್ಮ ಬಂದರೆ ಇವತ್ತು ಉಂಟು ಕತೆ!

ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಸುಸ್ತಾಗಿ ಫ್ಲೆಕ್ಸಿಗೆ ಒರಗಿದಾಗ ಹಿಂದಿನಿಂದ ಏನೋ ಬೆನ್ನನ್ನು ದೂಡಿದ ಹಾಗಾಯಿತು. ತಿರುಗಿ ನೋಡಿದಳು. ಕಬಡ್ಡಿ ಆಟಗಾರನ ಹೊಟ್ಟೆ ಉಬ್ಬಿತ್ತು! ಹೊರಗಿನಿಂದ ಗಾಳಿ ಫ್ಲೆಕ್ಸನ್ನು ತಳ್ಳುತ್ತಿತ್ತು.

ಮೋಕ್ಷಿತಾ ಒಂದು ಮೂಲೆಯ ಮೊಳೆ ಎಳೆದು ಫ್ಲೆಕ್ಸನ್ನು ಸರಿಸಿದಳು. ಗದ್ದೆಯ ಕಡೆಯ ಗಾಳಿ ನೇರ ಬೆನ್ನಿಗೇ ಬಂತು. ಕುತ್ತಿಗೆಯ ಬೆವರು ತಣ್ಣಗಾಯಿತು. ಮಡಿಲ ಗೆರಸೆಯಲ್ಲಿ ಮಾತ್ರ ಒಂದು ಕಣ ಹುಡಿಯೂ ಅಲುಗಲಿಲ್ಲ. ಅವಳ ಬೆನ್ನೇ ಅದಕ್ಕೆ ಅಡ್ಡ ನಿಂತಿತ್ತು.

"ಅಯ್ಯೋ, ಇದು ಅಮ್ಮನ ಫ್ಯಾನು!" ಎಂದು ಜೋರಾಗಿಯೇ ಹೇಳಿದಳು.

ಅಮ್ಮ ಬಂದ ಕೂಡಲೇ ಮೋಕ್ಷಿತಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಹುಡಿ ಹಾರಿದ್ದಕ್ಕೆ ಸರಿಯಾಗಿ ಬೈಗುಳ ಸಿಕ್ಕಿತು. ಅದು ಮುಗಿದ ಮೇಲೆ ಅವಳು ಕೇಳಿದಳು, "ಕಲ್ಲು ಕಟ್ಟುವುದು ಬೇಡ ಅಂತ ನೀನು ಯಾಕಮ್ಮ ಹೇಳ್ಲಿಲ್ಲ?"

ಅಮ್ಮ ಹುಡಿಯಲ್ಲಿದ್ದ ಕಸ ಆರಿಸುತ್ತ ಹೇಳಿದಳು, "ನೀನು ಅಷ್ಟು ಆಸೆಯಲ್ಲಿ ಕೇಳುವಾಗ ಬೇಡ ಅಂತ ಹೇಗೆ ಹೇಳುವುದು? ಸೆಕೆ ತಾನೇ? ಅಭ್ಯಾಸ ಆಗ್ತದೆ."

ಮೋಕ್ಷಿತಾ ಜೋರಾಗಿ ತಲೆ ಅಲ್ಲಾಡಿಸಿದಳು. "ಅಭ್ಯಾಸ ಆಗುವುದು ಬೇಡ," ಎಂದಳು.

ಆದರೆ ರಾತ್ರಿ ಊಟಕ್ಕೆ ಕೂತಾಗ ಪಪ್ಪ ಒಪ್ಪಲೇ ಇಲ್ಲ. "ದಿನಕ್ಕೊಂದು ಹೇಳಿದರೆ ಶಮೀರ್ ಎಂತ ತಿಳ್ಕೊಳ್ತಾನೆ? ನಾಳೆ ಮಧ್ಯಾಹ್ನ ಕಲ್ಲು ತರ್ತಾನೆ ಅವನು. ಹಠ ಹಿಡಿದದ್ದು ನೀನೇ ಅಲ್ವಾ?"

"ಹೌದು. ಈಗಲೂ ಹಠ ಹಿಡಿಯುವುದು ನಾನೇ," ಎಂದಳು ಮೋಕ್ಷಿತಾ.

ಮರುದಿನ ಶಮೀರಣ್ಣನ ಪಿಕಪ್ ಅಂಗಳಕ್ಕೆ ಬಂದಾಗ ಅವಳು ಕಿಟಕಿಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಪಪ್ಪ ಕರೆದರೂ ಏಳಲಿಲ್ಲ. ಗದರಿದರೂ ಏಳಲಿಲ್ಲ.

"ನೀವು ಇಬ್ಬರೂ ಸ್ವಲ್ಪ ಹೊತ್ತು ಇಲ್ಲಿ ಕೂತುಕೊಳ್ಳಿ. ಮತ್ತೆ ನಾನು ಏಳ್ತೇನೆ."

"ಕೂರುವ ಭೋಜಣ್ಣ, ಇಲ್ಲದಿದ್ದರೆ ಇವಳು ಬಿಡುವುದಿಲ್ಲ," ಎಂದು ಶಮೀರಣ್ಣ ನಗುತ್ತ ಕುಳಿತ. ಪಪ್ಪನೂ ಗೊಣಗುತ್ತ ಕುಳಿತರು. ಮೋಕ್ಷಿತಾ ಹುಡಿಯಿದ್ದ ಗೆರಸೆಯನ್ನು ಪಪ್ಪನ ಮಡಿಲಿಗೆ ಇಟ್ಟಳು. ಫ್ಲೆಕ್ಸನ್ನು ಕೈಯಿಂದ ಒತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೇ ಇಬ್ಬರ ಹಣೆಯಿಂದಲೂ ಬೆವರು ಇಳಿಯಿತು.

"ಎಂತ ಸೆಕೆ ಇದು! ಫ್ಯಾನ್ ಹಾಕು," ಎಂದರು ಪಪ್ಪ.

"ಹೇಗೆ ಹಾಕುವುದು? ಮಡಿಲಲ್ಲಿ ಹುಡಿ ಉಂಟಲ್ಲ."

ಪಪ್ಪ ಮಡಿಲಲ್ಲಿದ್ದ ಗೆರಸೆಯನ್ನು ನೋಡಿದರು. ಆಗ ಮೋಕ್ಷಿತಾ ಫ್ಲೆಕ್ಸನ್ನು ಸರಿಸಿದಳು.

ಗದ್ದೆಯ ಗಾಳಿ ಇಬ್ಬರ ಬೆನ್ನಿಗೂ ಬಂತು. ಪಪ್ಪನ ಶರ್ಟಿನ ಕಾಲರ್ ಗಾಳಿಗೆ ಮೆಲ್ಲಗೆ ಅಲುಗಿತು. ಅವರು ಬಾಗಿಲ ಬಳಿ ನಿಂತಿದ್ದ ಅಮ್ಮನನ್ನೇ ನೋಡುತ್ತಿದ್ದರು.

"ಕಲ್ಲು ಬೇಡ ಶಮೀರ್," ಎಂದರು ಕೊನೆಗೆ.

"ಬೇಡವೇ ಬೇಡ," ಎಂದ ಶಮೀರಣ್ಣ. "ಸ್ಲೈಡಿಂಗ್ ಆದ್ರೆ ಅರ್ಧವೇ ತೆರೆಯುವುದು. ಹಳೆಯದರ ಹಾಗೇ ನಾಲ್ಕು ಬಾಗಿಲು ಮಾಡ್ತೇನೆ, ಪೂರ್ತಿ ತೆರೆಯುವ ಹಾಗೆ. ಮೇಲಿನ ಎರಡಕ್ಕೆ ನೀಲಿ ಗಾಜು ಹಾಕುವುದಾ ಮೋಕ್ಷಿತಾ?"

ನೀಲಿ ಗಾಜು! ಮೋಕ್ಷಿತಾ ಒಂದು ಕ್ಷಣ ತಡೆದಳು.

"ಬೇಡ, ಬಿಳಿ ಗಾಜೇ ಹಾಕಿ. ಬೆಳಕು ಕಮ್ಮಿಯಾದ್ರೆ ಅಮ್ಮನಿಗೆ ಬೀಡಿ ಎಲೆಯಲ್ಲಿ ತೂತಿದ್ದರೆ ಕಾಣುವುದಿಲ್ಲ."

ಶಾಲೆ ಶುರುವಾಗುವ ಮೊದಲೇ ಹೊಸ ಕಿಟಕಿ ಬಂತು. ಗೆದ್ದಲು ಹತ್ತದ ಅಲ್ಯೂಮಿನಿಯಂ ಚೌಕಟ್ಟು, ನೆಲದಿಂದ ಒಂದು ಗೇಣು ಎತ್ತರದಲ್ಲೇ ಕೆಳಗಿನ ಬಾಗಿಲುಗಳು. ಅಮ್ಮ ಎರಡನ್ನೂ ತೆರೆದು ಬೆನ್ನು ಕೊಟ್ಟು ಕುಳಿತಳು. ಕುತ್ತಿಗೆಯ ಹತ್ತಿರದ ಕೂದಲು ಹಾರತೊಡಗಿತು.

"ಸ್ಲೈಡಿಂಗ್ ಬರಲಿಲ್ಲ ಅಂತ ಬೇಜಾರುಂಟಾ?" ಎಂದು ಕೇಳಿದಳು.

"ಸ್ವಲ್ಪ ಉಂಟು," ಎಂದಳು ಮೋಕ್ಷಿತಾ.

ಅಮ್ಮ ನಕ್ಕಳು. ಗೆರಸೆ ಎತ್ತಿಕೊಂಡು ಸ್ವಲ್ಪ ಬದಿಗೆ ಸರಿದಳು. ಆ ಜಾಗದಲ್ಲಿ ಮೋಕ್ಷಿತಾ ಅಮ್ಮನಿಗೆ ತಾಗಿ ಕುಳಿತು ಚಿತ್ರದ ಪುಸ್ತಕ ಬಿಡಿಸಿದಳು. ಅಮ್ಮನ ಬೆನ್ನಿಗೆ ಕೈ ಇಟ್ಟು ನೋಡಿದಳು. ರವಿಕೆ ಒಣಗಿತ್ತು.