ಶುಕ್ರವಾರ ಹುಟ್ಟಿದವಳ ಹೆಸರು

"ಇದನ್ನ ಅಳಿಸಬೇಕಿತ್ತು," ಎನ್ನುತ್ತ ಅವಳು ಟಿಫಿನ್ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

ಮೌನೇಶ ತಲೆಯೆತ್ತಿದ. ಮೂರು ವಾರದ ಮೇಲೆ ಬಂದಿದ್ದಳು. ಮುಖಕ್ಕೆ ಮಾಸ್ಕ್, ಇಂಥ ಬಿಸಿಲಿನಲ್ಲೂ ಮೈತುಂಬ ಸ್ವೆಟರ್. ಕಣ್ಣು ಮಾತ್ರ ಮೊದಲಿನವೇ. ನಗು ಬರುವುದಕ್ಕಿಂತ ಒಂದು ಗಳಿಗೆ ಮೊದಲೇ ಸಣ್ಣಗಾಗುವ ಕಣ್ಣು. ಇವತ್ತು ಅವು ಸಣ್ಣಗಾಗಲಿಲ್ಲ.

"ಏನು ಅಳಿಸೂದು?"

"ಹೆಸರು."

ಮುಂಡಗೋಡದ ಬಸ್‌ಸ್ಟ್ಯಾಂಡಿನ ಹಿಂದೆ ಅಡಿವೆಯ್ಯನವರ ಪಾತ್ರೆ ಅಂಗಡಿ. ಅಲ್ಲಿ ಮೌನೇಶನ ಕೆಲಸ ಒಂದೇ, ಕೊಂಡ ಪಾತ್ರೆಗಳ ಮೇಲೆ ಹೆಸರು ಹಾಕುವುದು. ಪೆನ್ನಿನಂತೆ ಹಿಡಿಯುವ, ಗುರ್ರೆನ್ನುವ ಪುಟ್ಟ ಮಷಿನ್ನು ಅವನ ಬಲಗೈಗೆ ಅಂಟಿಕೊಂಡೇ ಇರುತ್ತಿತ್ತು. ಮದುವೆಯ ಕೊಡ, ತೊಟ್ಟಿಲ ದಿನದ ಬಟ್ಟಲು, ಮಳಗಿ ಊರಿನವರ ತಾಟು, ಇಂದೂರ ಹಳ್ಳಿಯವರ ಚರಗಿ. ಏಳು ವರ್ಷದಲ್ಲಿ ಅರ್ಧ ತಾಲೂಕಿನ ಹೆಸರುಗಳನ್ನು ಸ್ಟೀಲಿನ ಮೇಲೆ ಬರೆದಿದ್ದ. ಅಳಿಸು ಎಂದು ಯಾರೂ ಬಂದಿರಲಿಲ್ಲ.

ಈ ಡಬ್ಬಿಯ ಮೇಲೆ ಬರೆದದ್ದು ಎರಡು ವರ್ಷದ ಹಿಂದೆ, ಅವಳನ್ನು ಮೊದಲು ನೋಡಿದ ದಿನ. ಊರಾಚೆಯ ಟಿಬೆಟಿಯನ್ನರ ಲಾಮಾ ಕ್ಯಾಂಪಿನಲ್ಲಿ ಅವಳೂ ಅವಳ ಆಮಾ, ಅಂದರೆ ತಾಯಿಯೂ, ಸಣ್ಣ ಹೋಟೆಲು ನಡೆಸುತ್ತಿದ್ದರು.

"ಹೆಸರು ಹೇಳ್ರಿ," ಎಂದಿದ್ದ.

"ಪಾಸಂಗ್."

"ಹಂಗಂದರ?"

"ಶುಕ್ರವಾರ."

"ಇವತ್ತು ಬುಧವಾರರೀ. ನಾ ಕೇಳಿದ್ದು ಹೆಸರು."

"ಹೆಸರನ ಅದು! ನಾ ಹುಟ್ಟಿದ್ದು ಶುಕ್ರವಾರ. ನಮ್ಮಲ್ಲಿ ಲಾಮಾ ಕಡೆ ಹೋಗಿ ಹೆಸರು ಕೇಳ್ತಾರ. ಆಮಾಗ ಹೋಗಾಕ ಆಗಲಿಲ್ಲ, ವಾರದ ಹೆಸರನ ಇಟ್ಟಳು. ಪಾಸಂಗ್ ಅಂದರ ಶುಕ್ರ. ಸಂಜಿ ಮುಂದ ಮೊದಲು ಕಾಣತೈತೆಲ್ಲ, ಆ ಚುಕ್ಕಿ."

"ನಮ್ಮಪ್ಪ ಸೋಮವಾರ ಹುಟ್ಟಿದವ. ಅದಕ್ಕ ಸೋಮಪ್ಪ."

"ನಿಮ್ಮಪ್ಪ ನಮ್ಮ ಕ್ಯಾಂಪಿನಾಗ ಹುಟ್ಟಿದ್ದರ ದಾವಾ ಅಂತಿದ್ದರು. ದಾವಾ ಅಂದರ ಚಂದ್ರ. ನಿಮ್ಮ ಹೆಸರೇನ್ರಿ?"

"ಮೌನೇಶ. ಮೌನಕ್ಕ ಒಡೆಯ."

"ಒಡೆಯರು ನಾ ಬಂದಾಗಿಂದ ಬಾಯಿ ಮುಚ್ಚಿಲ್ಲ," ಎಂದಿದ್ದಳು. ಕಣ್ಣು ಸಣ್ಣಗಾಗಿದ್ದವು.

ಒಳಗಿನಿಂದ ಅಡಿವೆಯ್ಯ ಕೂಗಿದ್ದರು: "ಲೇ ಮೌನ್ಯಾ, ಒಂದು ಡಬ್ಬಿಗೆ ಅರ್ಧ ತಾಸು ಆತಲ್ಲೋ! ಶಾಸನ ಕೊರ್ಯಾಕ ಹತ್ತೀಯೇನು?"

ಹೆಸರಿನ ಪಕ್ಕದಲ್ಲಿ, ಅವಳು ಕೇಳದೆಯೇ, ಅವನು ಒಂದು ಚುಕ್ಕಿ ಬರೆದಿದ್ದ.

ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ ಅವಳು ಒಂದು ಚಮಚ ತರುತ್ತಿದ್ದಳು. ಒಂದೇ ಒಂದು. ಅದರ ಮೇಲೆ ಹಾಕಿಸುವುದು ಆಮಾನ ಹೆಸರು. "ಮನ್ಯಾಗ ಇಬ್ಬರ ಅದೀರಿ, ಇಷ್ಟು ಚಮಚ ತಗೊಂಡು ಏನು ಮಾಡ್ತಿ?" ಎಂದು ಅವನು ಕೇಳಿದರೆ, "ನೀ ಊಟಕ್ಕ ಬಂದರ ಬೇಕಾಗತಾವು" ಎನ್ನುತ್ತಿದ್ದಳು. 'ರೀ' ಯಾವಾಗ ಬಿದ್ದುಹೋಯಿತೆಂದು ಇಬ್ಬರಿಗೂ ನೆನಪಿರಲಿಲ್ಲ.

ಈಗ ಅವಳು ಸ್ಟೂಲಿನ ಮೇಲೆ ಕೂತು ಉಸಿರು ಸುಧಾರಿಸಿಕೊಂಡಳು.

"ಎದೀ ಟಿಬಿ ಅಂದಾರ. ಗುಳಿಗಿ ಚಾಲೂ ಆಗ್ಯಾವು, ಜ್ವರ ಇಳೀವಲ್ದು. ಆಮಾ ಲಾಮಾ ಕಡೆ ಹೋಗಿ ನನ್ನ ಹೆಸರು ಬದಲಿಸಿಕೊಂಡು ಬಂದಾಳ. ಜಡ್ಡಿಗೆ ನನ್ನ ಹಳೇ ಹೆಸರು ಗೊತ್ತಾಗೇತಂತ. ಇನ್ನ ಅದು ಹುಡುಕಿಕೊಂಡು ಬಂದರ, ಆ ಹೆಸರಿನಾಕಿ ಇಲ್ಲಿಲ್ಲ ಅಂತ ವಾಪಸ್ ಹೋಗಬೇಕು. ಅದಕ್ಕ ಯಾರೂ ಆ ಹೆಸರು ಕರೀಬಾರದು. ಎಲ್ಲೂ ಬರದಿದ್ದೂ ಇರಬಾರದು."

"ನೀ ನಂಬ್ತೀಯೇನು?"

"ಗುಳಿಗೀನೂ ನುಂಗ್ತೇನಿ, ಇದನ್ನೂ ನುಂಗ್ತೇನಿ."

"ಯಾವತ್ತು ಬದಲಿಸಿದ್ದು?"

"ಹೋದ ರವಿವಾರ."

ಆ ಮೂರು ವಾರ ಅವನು ಅವಳನ್ನು ಹುಡುಕಿದ್ದ. ಹೋಟೆಲು ಮುಚ್ಚಿತ್ತು, ಫೋನಿಗೆ ಉತ್ತರವಿರಲಿಲ್ಲ, ಹುಡುಗಿಗೆ ಜಡ್ಡೆಂದು ಪಕ್ಕದ ಮನೆಯವರು ಹೇಳಿದ್ದರು. ಬೇರೇನೂ ತೋಚದೆ, ಆ ರವಿವಾರದ ಮರುದಿನವೇ, ಸೋಮವಾರ, ಉಳವಿಯ ಗುಡಿಗೆ ಹೋಗಿದ್ದ. ಯಾರ ಹೆಸರಿನಲ್ಲಿ ಪೂಜೆ ಎಂದು ಅರ್ಚಕರು ಕೇಳಿದರು. ಅಪರೂಪದ ಹೆಸರು, ದೇವರಿಗೆ ಗುರುತು ತಪ್ಪಬಾರದೆಂದು, ಅವನು ಮೂರು ಸಲ ಗಟ್ಟಿಯಾಗಿ ಹೇಳಿದ್ದ. ಗಂಟೆ ಬಾರಿಸಿ ಹೇಳಿದ್ದ.

"ಸೋಮವಾರ ಜ್ವರ ಎಷ್ಟಿತ್ತು?"

"ಸೋಮವಾರನ? ನೂರಾ ಮೂರು. ಯಾಕ?"

ಹೇಳಿದ. ಹೇಳುವಾಗ ಅವಳ ಕಡೆ ನೋಡಲಾಗಲಿಲ್ಲ. ಅವಳಿಗಾಗಿ ಅವನು ಮಾಡಿದ ಕೆಲಸ ಅದೊಂದೇ. ಅದೇ ಜಡ್ಡಿಗೆ ಅವಳ ಮನೆಯ ದಾರಿ ತೋರಿಸಿತ್ತೇನೋ.

ಅವಳು ಕೇಳಿದಳು, "ನಿನ್ನ ದೇವರು ಜಡ್ಡಿನ ಮುಂದ ಹೋಗಿ ಚಾಡಿ ಹೇಳತಾನೇನು?"

"ಇಲ್ಲ."

"ಮತ್ತ? ಅಳಬ್ಯಾಡ. ಅಡಿವೆಯ್ಯನವರು ನೋಡಾಕ ಹತ್ಯಾರ."

ಅಡಿವೆಯ್ಯ ಲಗುಬಗೆಯಿಂದ ಬೆನ್ನು ತಿರುಗಿಸಿ ಒರೆಸಿದ್ದ ಕೊಡವನ್ನೇ ಮತ್ತೆ ಒರೆಸತೊಡಗಿದರು.

ಪಾಲಿಶ್ ಚಕ್ರಕ್ಕೆ ಡಬ್ಬಿ ಹಿಡಿದ. ಮೊದಲ ಅಕ್ಷರ ಮಸುಕಾಯಿತು, ಆಮೇಲೆ ಉಳಿದವು. ಬೆಳಕಿಗೆ ಓರೆ ಹಿಡಿದರೆ ಎಲ್ಲವೂ ಇನ್ನೂ ಅಲ್ಲಿಯೇ ಇದ್ದವು. ಮತ್ತೆ ತಿಕ್ಕಿದ. ಮತ್ತೆ ಕಂಡವು. ಅಷ್ಟು ಆಳಕ್ಕೆ ಬರೆದಿದ್ದ.

"ಇನ್ನ ತಿಕ್ಕಿದರ ತೂತು ಬೀಳತೈತಿ."

"ಸಾಕು. ಆಮಾಗ ಕಣ್ಣು ಮಂದ."

ಅವನು ಚುಕ್ಕಿಯ ಕಡೆ ಚಕ್ರ ತಿರುಗಿಸಿದಾಗ ಅವಳು ಅವನ ಮಣಿಕಟ್ಟು ಹಿಡಿದಳು. ಬೆರಳು ಸುಡುತ್ತಿದ್ದವು.

"ಚುಕ್ಕಿ ಇರಲಿ. ಅದು ಹೆಸರಲ್ಲ."

ಹಿಡಿದ ಕೈ ಬಿಡಲಿಲ್ಲ. "ನಾಳೆ ಬೈಲಕುಪ್ಪೆಗೆ ಹೊಂಟೇವಿ. ಅಲ್ಲಿ ಆಮಾನ ತಂಗಿ ಅದಾಳ. ಔಷಧ ಮುಗಿಯೂ ತನಕ ಅಲ್ಲೇ. ಆರು ತಿಂಗಳು."

"ಮುಂಜಾನೆ ಎದ್ದ ಕೂಡಲೇ ನನ್ನ ಬಾಯಿಗೆ ಬರೂದು ಅದ ಹೆಸರು," ಅವನ ದನಿ ಮಷಿನ್ನಿಗಿಂತ ಕೆಳಗಿತ್ತು. "ಎರಡು ವರ್ಷ ಆತು. ಹೆಂಗ ನಿಲ್ಲಸಲಿ, ನೀನ ಹೇಳು."

"ನಿನಗಷ್ಟ ಕಷ್ಟ ಅಂತ ತಿಳದೀಯೇನು? ಆಮಾ ಕರದಾಗ ಅದು ಬರೇ ಶುಕ್ರವಾರ. ನೀ ಕರದಾಗಷ್ಟ ಅದು ನಾನು."

ಅವನು ಡಬ್ಬಿಯನ್ನು ಬಟ್ಟೆಯಿಂದ ಒರೆಸಿದ.

"ಹೊಸಾದು ಏನು?"

"ತೆನ್ಜಿನ್ ಛೋಡೋನ್. ತೆನ್ಜಿನ್ ಅಂದರ ಬುದ್ಧನ ಬೋಧೆ ಹಿಡಕೊಂಡಾಕಿ. ಛೋಡೋನ್, ಧರ್ಮದ ದೀಪ."

"ಬಾಳ ದೊಡ್ಡದಾತು."

"ನನಗೂ. ಯಾರದೋ ಚಪ್ಪಲಿ ಹಾಕ್ಕೊಂಡಂಗ ಐತಿ. ಆಮಾ ಕರದರ ನಾ ತಿರುಗೂದ ಇಲ್ಲ. ಯಾರರ ಕರದಾಗ ನಾನಾಗೇ ತಿರುಗಿದ ದಿನ ಹೆಸರು ಅಂಟತೈತಿ, ಜಡ್ಡು ದಾರಿ ತಪ್ಪತೈತಿ ಅಂತಾಳ ಆಕಿ." ಕಣ್ಣೆತ್ತಿದಳು. "ಕರೀತೀಯೇನು?"

ಅವನು ಬಾಯಿ ತೆರೆದ. ನಾಲಿಗೆಗೆ ಬಂದದ್ದು ಹಳೆಯ ಹೆಸರೇ.

ಮರುದಿನ ಬೆಳಿಗ್ಗೆ ಹುಬ್ಬಳ್ಳಿ ಬಸ್ಸಿನ ಕಿಟಕಿಯಲ್ಲಿ ಅವಳು ಆಚೆ ಮುಖ ಮಾಡಿ ಮುಂದಿನ ಸೀಟಿನ ಸರಳಿಗೆ ಹಣೆಯೊರಗಿಸಿದ್ದಳು. ಸ್ಟ್ಯಾಂಡಿನ ತುಂಬ ಕೆಂಪುಬಟ್ಟೆಯ ಲಾಮಾಗಳು, ಚೀಲಗಳು, ಸಂತೆಗೆ ಬಂದವರು. ಮೌನೇಶ ಜನರ ನಡುವೆ ನಿಂತು ಕೂಗಿದ.

"ತೆನ್ಜಿನ್!"

ಇಬ್ಬರು ಎಳೆಯ ಲಾಮಾಗಳು ತಿರುಗಿದರು. ಚಹಾ ಕುಡಿಯುತ್ತಿದ್ದ ಅಜ್ಜ ತಿರುಗಿದ. ಸ್ಕೂಟಿಯ ಮೇಲಿದ್ದ ಹುಡುಗಿ ಬ್ರೇಕ್ ಹಾಕಿದಳು.

"ಯಾವ ತೆನ್ಜಿನ್ ಬೇಕಪಾ?" ಪಕ್ಕದ ಮುದಿ ಲಾಮಾ ಕೇಳಿದರು. "ನಮ್ಮ ಮಠದಾಗ ನಲವತ್ತು ಮಂದಿ ಅದೀವಿ."

ಎಲ್ಲರೂ ತಿರುಗಿದ್ದರು. ಅವಳೊಬ್ಬಳನ್ನು ಬಿಟ್ಟು.

ಬಸ್ಸು ಚಾಲೂ ಆಯಿತು. ಹಳೆಯ ಹೆಸರು ಸಾಕಿತ್ತು. ಒಂದೇ ಸಲ, ಮೆಲ್ಲಗೆ ಕರೆದರೂ ಸಾಕಿತ್ತು, ಥಟ್ಟನೆ ತಿರುಗುತ್ತಿದ್ದಳು. ಅದು ಹಲ್ಲಿನ ತನಕ ಬಂತು. ಅವನು ತುಟಿ ಬಿಗಿದ. ಮೌನಕ್ಕೆ ಒಡೆಯನಾಗುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ.

"ತೆನ್ಜಿನ್ ಛೋಡೋನ್!"

ಅವಳ ಪಕ್ಕದಲ್ಲಿದ್ದ ಆಮಾ ತಿರುಗಿದಳು. ಅವನನ್ನು ನೋಡಿದಳು, ಮಗಳನ್ನು ನೋಡಿದಳು. ಮುಟ್ಟಿ ಎಚ್ಚರಿಸಬಹುದಿತ್ತು. ಎಚ್ಚರಿಸಲಿಲ್ಲ. ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು.

ಅವನು ಬಸ್ಸಿನ ಜೊತೆಗೇ ಓಡಿದ. ಗೇಟಿನ ಹತ್ತಿರ ಮತ್ತೆ ಕರೆದ. ದನಿ ಒಡೆದು, ಹೆಸರು ಎರಡು ತುಂಡಾಗಿ ಹೊರಬಂತು.

ಸರಳಿನಿಂದ ಅವಳ ಹಣೆ ಎದ್ದಿತು. ಯಾರು ಕರೆದರು ಎಂಬಂತೆ ತಿರುಗಿದಳು. ತಾನಾಗಿಯೇ. ಮಾಸ್ಕಿನ ಮೇಲೆ ಕಣ್ಣು ಮೊದಲು ಹುಡುಕಿದವು, ಆಮೇಲೆ ಸಣ್ಣಗಾದವು. ಹಿಂದೆ ಆಮಾ ಸೊಂಟಕ್ಕೆ ಕಟ್ಟಿದ್ದ ಪಟ್ಟೆ ಬಟ್ಟೆಯಿಂದ ಮುಖ ಮುಚ್ಚಿಕೊಂಡಳು.

ಬಸ್ಸು ಹುಬ್ಬಳ್ಳಿ ರಸ್ತೆಗೆ ಹೊರಳಿತು.

ಅವನು ತಿರುಗಿ ಬರುವಾಗ ಮುದಿ ಲಾಮಾ ಇನ್ನೂ ಅಲ್ಲಿಯೇ ನಿಂತಿದ್ದರು. "ಸಿಕ್ಕಳೇನಪಾ ನಿನ್ನ ತೆನ್ಜಿನ್?"

"ಸಿಕ್ಕಳ್ರಿ," ಎಂದ ಮೌನೇಶ, ಖಾಲಿ ರಸ್ತೆಯನ್ನು ನೋಡುತ್ತ.