ಎರಡು ಚುಕ್ಕಿಯ ಗುರುತು

ಬೈಕು ಕಣ್ಣಿಗೆ ಬೀಳುವ ಮೊದಲೇ ಸಿದ್ದೀಕಾಳ ಕೈಯಲ್ಲಿ ನಟ್ಟು ತಿರುಗಿಸುತ್ತಿದ್ದ ಪಾನಾ ನಿಂತುಹೋಯಿತು.

ಸಿಂದಗಿ ರಸ್ತೆಯ ಕಡೆಯಿಂದ ಒಂದು ಸದ್ದು ಬರುತ್ತಿತ್ತು. ಟಿಕ್ ಟಿಕ್ ಟಿಕ್... ಇಂಜಿನ್ನಿನ ಒಳಗೆ ಯಾರೋ ಸಣ್ಣ ಸುತ್ತಿಗೆ ಹಿಡಿದು ಬಡಿಯುತ್ತಿರುವಂಥ ಸದ್ದು. ಆದರೆ ಆ ಬಡಿತದ ಅಡಿಯಲ್ಲಿ ಅವಳಿಗೆ ಬಾಯಿಪಾಠವಾಗಿದ್ದ ಇನ್ನೊಂದು ಸದ್ದಿತ್ತು.

'ಅವನದೇ ಗಾಡಿ... ಅವನದೇ! ಆದರೆ ಇದೇನು ಹೀಗೆ ನರಳುತ್ತಿದೆ?'

ಎರಡೂವರೆ ವರ್ಷ. ದಿನಾ ಸಂಜೆ ಆ ರಸ್ತೆಗೆ ಕಿವಿಕೊಟ್ಟು ಕೂತು, ಕೊನೆಗೆ ತನ್ನ ಮೇಲೆ ತಾನೇ ಸಿಟ್ಟಾಗಿ ಶಟರ್ ಎಳೆದುಕೊಂಡು ಹೋಗುತ್ತಿದ್ದಳು ಅವಳು. ಈಗ ಬುಧವಾರದ ಮಟಮಟ ಮಧ್ಯಾಹ್ನ, ಮೊಣಕೈವರೆಗೆ ಆಯಿಲ್ ಮೆತ್ತಿಕೊಂಡಿದ್ದಾಗಲೇ ಬರಬೇಕೇ ಆ ಪುಣ್ಯಾತ್ಮ!

ಇಂಡಿ ಪಟ್ಟಣದಲ್ಲಿ ಮೈಬೂಬ ಮಿಸ್ತ್ರಿಯ ಗ್ಯಾರೇಜು ಗೊತ್ತಿಲ್ಲದವರು ಕಡಿಮೆ. ನಲವತ್ತು ವರ್ಷ ಇಂಜಿನ್ನುಗಳ ನಡುವೆ ಕಳೆದು ಮಿಸ್ತ್ರಿಯ ಕಿವಿ ಹೆಚ್ಚುಕಡಿಮೆ ಹೋಗಿಬಿಟ್ಟಿತ್ತು. ತಾಯಿಯಿಲ್ಲದ ಮಗಳು ಸಿದ್ದೀಕಾ ಹನ್ನೆರಡನೇ ವಯಸ್ಸಿಗೇ ಅಪ್ಪನ ಕಿವಿಯಾದಳು, ಆಮೇಲೆ ಕೈಯೂ ಆದಳು. ಈಗ ಗ್ಯಾರೇಜು ನಡೆಸುವವಳು ಅವಳೇ. ಮಿಸ್ತ್ರಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ರಿಪೇರಿಯಾದ ಗಾಡಿಯ ಮೇಲೆ ಅಂಗೈಯಿಟ್ಟು ಸರಿಯಾಗಿದೆಯೋ ಇಲ್ಲವೋ ಹೇಳುತ್ತಿದ್ದರು.

ಆ ಬೈಕಿನ ಒಡೆಯ ಜುಲ್ಫಿಕರ ದನದ ಆಸ್ಪತ್ರೆಯ ಕಂಪೌಂಡರ್. ಆಗ ಹತ್ತಿರದ ತಾಂಬಾದಲ್ಲಿದ್ದ, ಹಳ್ಳಿ ಹಳ್ಳಿ ಸುತ್ತಿ ದನಗಳಿಗೆ ಸೂಜಿ ಹಾಕುತ್ತಿದ್ದ. ಅವನ ಗಾಡಿಗೆ ಏನೂ ಆಗದಿದ್ದರೂ ವಾರಕ್ಕೆ ಎರಡು ಸಲ ಏನಾದರೂ ಆಗಿಯೇ ಇರುತ್ತಿತ್ತು! ಆ ನಾಟಕ ಸಿದ್ದೀಕಾಳಿಗೂ ಗೊತ್ತಿತ್ತು, ಗೊತ್ತಿಲ್ಲದವಳಂತೆ ಇರುವುದರಲ್ಲಿ ಅವಳಿಗೂ ಒಂದು ಸುಖವಿತ್ತು.

ಆಮೇಲೆ ಅವನ ಸೋದರತ್ತೆ ಸೈದಾಬಿ ಸಂಬಂಧ ಕೇಳಲು ಬಂದಳು. ಚಹಾ ಕುಡಿಯುತ್ತ, ಮದುವೆಯಾದ ಮೇಲೆ ಹುಡುಗಿ ಪಾನಾ ಹಿಡಿಯುವುದು ನಮ್ಮ ಹುಡುಗನಿಗೆ ಸೇರುವುದಿಲ್ಲ ಎಂದಳು. ಅಷ್ಟೇ ಸಾಕಾಯಿತು. ಹಾಗಾದರೆ ನಿಮ್ಮ ಹುಡುಗ ಇನ್ನು ಈ ಗ್ಯಾರೇಜಿನ ಹೊಸ್ತಿಲು ತುಳಿಯುವುದು ಬೇಡ ಎಂದು ಸಿದ್ದೀಕಾ ಹೇಳಿ ಕಳಿಸಿದಳು. ತಿಂಗಳೊಳಗೆ ಅವನು ಮುದ್ದೇಬಿಹಾಳಕ್ಕೆ ವರ್ಗ ಮಾಡಿಸಿಕೊಂಡ ಸುದ್ದಿ ಬಂತು. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡಿದ್ದಳು.

ಮುಗಿದಿರಲಿಲ್ಲ. ಹೋದ ವಾರ ಬಸವನ ಬಾಗೇವಾಡಿಯಿಂದ ಒಬ್ಬ ಹುಡುಗನ ಮನೆಯವರು ಬಂದು ಅವಳನ್ನು ನೋಡಿ ಒಪ್ಪಿ ಹೋಗಿದ್ದರು. ಶುಕ್ರವಾರದೊಳಗೆ ಇವರ ಮಾತು ತಿಳಿಸಬೇಕಿತ್ತು. ಹುಡುಗನಲ್ಲಿ ಕುಂದು ಹುಡುಕಿದರೂ ಸಿಗುತ್ತಿರಲಿಲ್ಲ. 'ಹೂಂ' ಎನ್ನಲು ಒಂದೇ ಉಸಿರು ಸಾಕು... ಆ ಉಸಿರೇ ಅವಳಿಗೆ ಬರುತ್ತಿರಲಿಲ್ಲ.

ಜುಲ್ಫಿಕರ ಗಾಡಿ ನಿಲ್ಲಿಸಿ ಇಳಿದ. ಸೊರಗಿದ್ದ. ಹೊಸ್ತಿಲ ಹೊರಗೇ ನಿಂತ.

"ಒಳಗ ಬರಬಹುದೇನ್ರಿ?"

"ಗಿರಾಕಿಗೆ ಬ್ಯಾಡ ಅನ್ನಂಗಿಲ್ರಿ. ಏನಾಗೈತಿ?"

ಎಷ್ಟು ಒಣ ಮಾತು! ಆದರೆ ಅವಳ ಎದೆ ಮಾತ್ರ ಆ ಇಂಜಿನ್ನಿಗಿಂತ ಜೋರಾಗಿ ಬಡಿಯುತ್ತಿತ್ತು.

ಅವನು ನೆಲ ನೋಡುತ್ತಲೇ ಹೇಳಿದ. ಇಂಜಿನ್ನಿನ ತಲೆಯೊಳಗೆ ತಿರುಗುವ ಕ್ಯಾಮ್ ಶಾಫ್ಟ್ ಸವೆದಿತ್ತು. ಫೋನಿನಲ್ಲಿ ವಿಡಿಯೋ ನೋಡಿಕೊಂಡು, ಮುದ್ದೇಬಿಹಾಳದ ಮನೆಯ ಅಂಗಳದಲ್ಲಿ ತಾನೇ ಬಿಚ್ಚಿ ಹೊಸದು ಹಾಕಿದ್ದ. ಅವತ್ತಿನಿಂದ ಈ ಸದ್ದು. ಸಿಂದಗಿಯ ಮಿಸ್ತ್ರಿ ಕೇಳಿ ಚೈನು ಅಂದ, ತಾಳಿಕೋಟೆಯವ ಪಿಸ್ಟನ್ ಅಂದ, ನಿನ್ನೆ ಬಾಗೇವಾಡಿಯವ ಆಯಿಲ್ ಅಂದ.

"ಬಿಚ್ಚಿ ನೋಡಿ ಹೇಳಿದ್ರೇನ್ರಿ?"

"ಬಿಚ್ಚಾಕ ಯಾರಿಗೂ ಕೊಟ್ಟಿಲ್ಲ."

ಅವಳು ಗಾಡಿ ಚಾಲೂ ಮಾಡಿದಳು. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿನ ತಲೆಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿದಳು. ಚೈನಲ್ಲ. ಪಿಸ್ಟನ್ನಂತೂ ಅಲ್ಲವೇ ಅಲ್ಲ. ಸದ್ದು ಮೇಲಿನಿಂದ ಬರುತ್ತಿತ್ತು, ಕ್ಯಾಮಿನ ಹತ್ತಿರದಿಂದಲೇ. ಬಿಚ್ಚಬೇಕಾದರೆ ಇಂಜಿನ್ ಪೂರ್ತಿ ಆರಬೇಕು, ಒಂದು ತಾಸು ಕಾಯಿರಿ ಎಂದಳು.

ಆ ಒಂದು ತಾಸು ಹೇಗೆ ಕಳೆಯಿತೋ ಅವಳಿಗೇ ಗೊತ್ತು! ಎದುರಿನ ಅಂಗಡಿಯಿಂದ ಮಿಸ್ತ್ರಿ ಮೂರು ಲಿಂಬೆ ಶರಬತ್ತು ತರಿಸಿದರು. ಮೊದಲಿನಂತೆಯೇ ಜುಲ್ಫಿಕರ ಅರ್ಧ ಕುಡಿದು ಲೋಟ ಕೈಯಲ್ಲೇ ಹಿಡಿದು ಕೂತ. ಮೊದಲಾದರೆ, ಉಳಿದರ್ಧ ಕುಡಿಯುವವರೆಗೆ ಹೋಗುವಂತಿಲ್ಲವಲ್ಲ ಎಂದು ನಗುತ್ತಿದ್ದ. ಇವತ್ತು ನಗಲಿಲ್ಲ. ಅವಳು ಒರೆಸಿದ ಪಾನಾಗಳನ್ನೇ ಮತ್ತೆ ಮತ್ತೆ ಒರೆಸಿದಳು.

'ಒಂದು ಸಲ ತಲೆಯೆತ್ತಿ ನೋಡಬಾರದೇ... ಒಂದೇ ಸಲ...'

ಇಂಜಿನ್ ಆರಿತು. ಮೇಲಿನ ಮುಚ್ಚಳ ತೆಗೆದು ಚೈನಿನ ಗುರುತು ನೋಡಿದಳು. ಒಂದು ಹಲ್ಲೂ ಆಚೀಚೆ ಇರಲಿಲ್ಲ. ಸೂಜಿ ಹಾಕುವ ಕೈ ಇಷ್ಟು ನೀಟಾಗಿ ಕೆಲಸ ಮಾಡಿದೆ ಎಂದು ಒಳಗೊಳಗೇ ಹೆಮ್ಮೆಯಾಯಿತು. ಕ್ಯಾಮ್ ಹೊರಗೆ ತೆಗೆದಳು. ಹೊಸ ಕಬ್ಬಿಣದ ಮೈಮೇಲೆ ಆಗಲೇ ಗೀರು ಬಿದ್ದಿದ್ದವು. ಆ ಕ್ಯಾಮಿಗೆ ಸದಾ ಒರಗಿಕೊಂಡು ಕುಣಿಯುವ ಎರಡು ಪುಟ್ಟ ತೋಳುಗಳಿರುತ್ತವೆ, ರಾಕರ್ ಅನ್ನುತ್ತಾರೆ. ಅವುಗಳ ಮುಖ ತಗ್ಗು ಬಿದ್ದಿತ್ತು. ಹಳೆಯವು.

ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದಳು. ಪಕ್ಕದಲ್ಲಿ ಎರಡು ಸಣ್ಣ ಚುಕ್ಕಿ...

ಈ ಗ್ಯಾರೇಜಿನಲ್ಲಿ ಕೂರಿಸಿದ ಪ್ರತಿ ಸಾಮಾನಿಗೂ ಒಂದು ಗುರುತು ಹಾಕುವುದು ರೂಢಿ. ಮಿಸ್ತ್ರಿ ಕೂರಿಸಿದ್ದಕ್ಕೆ ಒಂದು ಚುಕ್ಕಿ, ಸಿದ್ದೀಕಾ ಕೂರಿಸಿದ್ದಕ್ಕೆ ಎರಡು. ಮೂರು ವರ್ಷದ ಹಿಂದೆ ತಾನೇ ಕೂರಿಸಿದ ರಾಕರ್ ಇವು! ಅವಳ ಬಾಯಿಂದ ಸಿಟ್ಟೇ ಮೊದಲು ಹೊರಬಂತು.

"ಹೊಸಾ ಕ್ಯಾಮಿಗೆ ಯಾರರ ಹಳೇ ರಾಕರ್ ಹಾಕ್ತಾರೇನ್ರಿ? ಸವದಿದ್ದು ಹೊಸಾದ್ನ ತಿಂದು ಹಾಕ್ತೈತಿ. ಅಂಗಡ್ಯಾಂವ ಜೋಡಿ ಕೊಟ್ಟಿರಲಿಲ್ಲೇನು?"

ಅವನು ಸೀಟಿನ ಪಕ್ಕದ ಡಬ್ಬಿ ತೆರೆದು ಒಂದು ಪೊಟ್ಟಣ ತೆಗೆದುಕೊಟ್ಟ. ಹೊಸ ರಾಕರ್. ಸೀಲು ಕೂಡ ಒಡೆದಿರಲಿಲ್ಲ.

"ಕೊಟ್ಟಿದ್ದ. ಹಳೇವು ತಗದು ಒಗಿಯಾಕ ನನ್ನ ಕೈ ಬರಲಿಲ್ಲ, ಸಿದ್ದೀಕಾ. ನಿಂದು ಅಂತ ನನ್ನ ಹತ್ರ ಉಳಿದಿದ್ದು ಆ ಎರಡು ಚುಕ್ಕಿ ಅಷ್ಟ."

ಅವಳು ಪೊಟ್ಟಣವನ್ನು ಹಳೆಯ ರಾಕರಿನ ಪಕ್ಕಕ್ಕಿಟ್ಟಳು. ಅವನೇ ಮುಂದುವರಿಸಿದ.

"ಈ ಇಂಜಿನ್ನಿಗೆ ನನ್ನ ಬಿಟ್ಟು ಬ್ಯಾರೆಯವರ ಕೈ ಹತ್ತಬಾರ್ದು ಅಂತ ನೀನ ಹೇಳಿದ್ದಿ. ಹೊಸ್ತಿಲಾ ತುಳೀಬ್ಯಾಡ ಅಂತನೂ ನೀನ ಹೇಳಿ ಕಳಿಸಿದ್ದಿ. ಎರಡೂ ಮಾತು ನಡಸಬೇಕಂದ್ರ ನಾನ ಬಿಚ್ಚಬೇಕಾತು."

"ನಾ ಯಾಕ ಹಂಗ ಹೇಳಿ ಕಳಿಸಿದೆ ಗೊತ್ತಿಲ್ಲೇನು ನಿನಗ? ಪಾನಾ ಹಿಡಿಯೂದು ಸೇರೂದಿಲ್ಲ ಅಂದಾಂವ ನೀ!"

"ನಾನು...? ಯಾವಾಗ?"

ಅವನ ಮುಖದಲ್ಲಿದ್ದ ಗಾಬರಿ ಸುಳ್ಳಾಗಿರಲಿಲ್ಲ. ಇಂಜಿನ್ನಿನ ಸುಳ್ಳನ್ನೇ ಹಿಡಿಯುವವಳಿಗೆ ಇವನ ಮುಖದ ನಿಜ ತಿಳಿಯುವುದಿಲ್ಲವೇ? ಸೈದಾಬಿ ಆಡಿದ ಮಾತನ್ನು ಅವಳು ಒಂದೊಂದಾಗಿ ಹೇಳಿದಳು. ಅವನು ಹಾಗೇ ನೆಲದ ಮೇಲೆ ಕೂತ. ಮನೆಯಲ್ಲಿ ಅತ್ತೆ ಹೇಳಿದ್ದು ಇಷ್ಟೇ ಅಂತೆ: ಹುಡುಗಿ ಒಲ್ಲೆ ಅಂದಳು, ಆ ಕಡೆ ತಲೆ ಹಾಕಬೇಡ ಅಂದಳು. ಪಾನಾ ಸೇರುವುದಿಲ್ಲ ಎಂಬ ಮಾತು ಅತ್ತೆ ತಾನಾಗಿಯೇ ಆಡಿದ್ದು.

"ನಿನ್ನ ಕೈಯಾಗ ಪಾನಾ ನೋಡಾಕ ಅಲ್ಲೇನು ನಾ ವಾರಕ್ಕ ಎರಡು ಸಲ ಬರ್ತಿದ್ದದ್ದು?" ಎಂದ ಅವನು, ಮೆಲ್ಲಗೆ.

ಎರಡೂವರೆ ವರ್ಷ... ಒಂದೇ ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ! ಸಿದ್ದೀಕಾ ಆಯಿಲ್ ಕೈಯಲ್ಲೇ ಕಣ್ಣೊರೆಸಿಕೊಂಡಳು, ಕೆನ್ನೆಯೆಲ್ಲ ಕಪ್ಪಾಯಿತು.

"ಹಂಗಾದ್ರ ಇವತ್ಯಾಕ ಬಂದಿ?"

"ನಿನ್ನೆ ಬಾಗೇವಾಡಿ ಗ್ಯಾರೇಜಿನಾಗ ಮಾತಾಡಾಕತ್ತಿದ್ರು. ಇಂಡಿ ಮಿಸ್ತ್ರಿ ಮಗಳು ನಮ್ಮೂರಿಗೆ ಸೊಸಿಯಾಗಿ ಬರ್ತಾಳಂತ. ನೀ ಹೋಗೂಕಿಂತ ಮೊದಲ ಈ ಸದ್ದು ಒಮ್ಮೆ ನೀನ ಕೇಳಲಿ ಅನಿಸ್ತು."

ಅವಳು ಪೊಟ್ಟಣದ ಸೀಲು ಒಡೆದಳು. ಕ್ಯಾಮಿನ ಗೀರು ಇನ್ನೂ ಆಳಕ್ಕೆ ಇಳಿದಿರಲಿಲ್ಲ, ಉಳಿಯುವಂತಿತ್ತು. ಹೊಸ ರಾಕರಿನ ಪಕ್ಕಕ್ಕೆ ಒಂದು ಚುಕ್ಕಿ ಹೊಡೆದಳು, ಇನ್ನೊಂದು ಹೊಡೆದಳು. ಎಲ್ಲ ಕೂರಿಸಿ, ತೆಳು ಪಟ್ಟಿ ತೂರಿಸಿ ಸಂದು ಅಳೆದಳು. ಅವನು ಲೈಟು ಹಿಡಿದು ನಿಂತಿದ್ದ. ಇಬ್ಬರ ಭುಜ ಒಂದಕ್ಕೊಂದು ತಾಗಿದವು, ಯಾರೂ ಸರಿದುಕೊಳ್ಳಲಿಲ್ಲ.

ಕಿಕ್ ಹೊಡೆದಳು. ಟಿಕ್ ಟಿಕ್ ಇರಲಿಲ್ಲ. ಕೆಳಗಿನ ಆ ಹಳೆಯ, ಬಾಯಿಪಾಠದ ಸದ್ದು ಮಾತ್ರ ಇತ್ತು. ಮಿಸ್ತ್ರಿ ಎದ್ದು ಬಂದು ಇಂಜಿನ್ನಿನ ಮೇಲೆ ಅಂಗೈಯಿಟ್ಟು ತಲೆಯಾಡಿಸಿದರು.

ಈಗ ಹೇಳದಿದ್ದರೆ ಇನ್ಯಾವತ್ತೂ ಇಲ್ಲ. ಗಾಡಿ ಬಂದ್ ಮಾಡಿದರೆ ಧೈರ್ಯವೂ ಬಂದ್ ಆದೀತು ಎಂದು, ಹಾಗೇ ಅಪ್ಪನ ಕಿವಿಯ ಹತ್ತಿರ ಹೋದಳು.

"ಅಬ್ಬಾ, ಬಾಗೇವಾಡಿಯವರಿಗೆ ಬ್ಯಾಡ ಅಂತ ಹೇಳ್ರಿ. ನನಗ ಇಂವ ಬೇಕು."

"ಏನಂದಿ?"

ಸಿದ್ದೀಕಾ ಉಸಿರೆಳೆದುಕೊಂಡು ಕೂಗಿದಳು. "ನನಗ ಜುಲ್ಫಿಕರ ಬೇಕು!"

ಎದುರಿನ ಶರಬತ್ತಿನ ಅಂಗಡಿಯವರೆಲ್ಲ ತಿರುಗಿ ನೋಡಿದರು. ಅವಳಿಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ಮಿಸ್ತ್ರಿ ನಿಧಾನವಾಗಿ ಜುಲ್ಫಿಕರನ ಕಡೆ ನೋಡಿದರು.

"ನಿನಗ ಕೇಳಿಸ್ತೇನಪಾ?"

"ಕೇಳಿಸ್ತ್ರಿ." ಅವನ ಕಣ್ಣು ತುಂಬಿತ್ತು.

"ಹಂಗಾದ್ರ ಸಾಕು. ನಾ ಬಾಗೇವಾಡಿಗೆ ಫೋನ್ ಮಾಡಿಸ್ತೇನಿ. ನೀ ನಿಮ್ಮ ಅತ್ತೀನ ಕರ್ಕೊಂಡು ಬಾ. ಈ ಸಲ ನಾನೂ ಹತ್ರ ಕುಂತು ಕೇಳ್ತೇನಿ."

ಮಿಸ್ತ್ರಿ ಫೋನು ಹುಡುಕುತ್ತ ಒಳಗೆ ಹೋದರು. ಸಿದ್ದೀಕಾ ಗಾಡಿ ಬಂದ್ ಮಾಡಿದಳು. ಜುಲ್ಫಿಕರ ಅವಳೆದುರು ಕೈ ಚಾಚಿದ.

"ಆ ಹಳೇ ರಾಕರ್ ಕೊಡು."

ಅವಳು ಅವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಆ ಮುಷ್ಟಿಯನ್ನೇ ಅವನ ಅಂಗೈಯಲ್ಲಿಟ್ಟಳು.

"ಅವ್ಯಾಕ ಬೇಕು ನಿನಗ ಇನ್ನ? ನಾ ಇದ್ದೇನಲ್ಲ."